ಪೂಜೆ ಒಂದು ಕಡೆ, ಪಾಠ ಒಂದು ಕಡೆ

ಕಥೋಲಿಕರ ಬಲಿಪೂಜೆಯಲ್ಲಿ ಕಾಣಿಕೆ ಅರ್ಪಿಸುವ ಹೊತ್ತಿಗೆ ಗುರುಗಳು ಪಾನಪಾತ್ರೆಗೆ ದ್ರಾಕ್ಷಾರಸ ಹೊಯ್ದು, ಅದಕ್ಕೆ ಒಂದೆರಡು ಹನಿ ನೀರು ಬೆರೆಸುತ್ತಾರೆ. ಬೆರೆಸುವಾಗ ಪುಟ್ಟದೊಂದು ಪ್ರಾರ್ಥನೆಯನ್ನು ಮೆಲುದನಿಯಲ್ಲಿ ಹೇಳಿಕೊಳ್ಳುತ್ತಾರೆ. ಹಾಗೆ ಮೆಲ್ಲಗೇ ಹೇಳಬೇಕೆಂಬುದು ಪೂಜಾವಿಧಿಯ ನಿಯಮ. ನಮ್ಮ ಮನುಷ್ಯತ್ವದಲ್ಲಿ ಪಾಲುಗೊಂಡ ಕ್ರಿಸ್ತನ ದೈವತ್ವದಲ್ಲಿ ನಾವೂ ಪಾಲುಗೊಳ್ಳುವಂತಾಗಲಿ ಎಂಬುದು ಅದರ ತಾತ್ಪರ್ಯ. ಮೂರನೇ ಶತಮಾನದಲ್ಲಿ ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯಾನರು ಒಂದು ಪತ್ರದಲ್ಲಿ ಈ ನೀರಿನ ಬಗ್ಗೆಯೇ ಬರೆದಿದ್ದಾರೆ: ದ್ರಾಕ್ಷಾರಸವೆಂದರೆ ಕ್ರಿಸ್ತ, ನೀರೆಂದರೆ ಜನ, ಬೆರೆತ ಮೇಲೆ ಇವೆರಡನ್ನು ಬೇರ್ಪಡಿಸಲು ಬಾರದು. ಕ್ರೈಸ್ತ ನಂಬಿಕೆಯ ತಿರುಳೇ ಅಲ್ಲಿದೆ. ಆದರೆ ಆ ಹೊತ್ತಿಗೆ ಇಗರ್ಜಿಯಲ್ಲಿ ಕೊಯರ್‌ನವರು ಹಾಡುತ್ತಿರುತ್ತಾರೆ, ಕಾಣಿಕೆ ಚೀಲ ಸಾಲಿನಿಂದ ಸಾಲಿಗೆ ದಾಟುತ್ತಿರುತ್ತದೆ, ಜನ ಚಿಲ್ಲರೆ ಹುಡುಕುತ್ತಿರುತ್ತಾರೆ. ವರ್ಷಗಟ್ಟಲೆ ದೊತೊರ್ನ್, ಅಂದರೆ ಧರ್ಮೋಪದೇಶದ ಪಾಠ, ಕಲಿತ ಹುಡುಗನನ್ನು ಆ ನೀರು ಯಾತಕ್ಕೆ ಎಂದು ಕೇಳಿ ನೋಡಿ. ಏಳು ಸಂಸ್ಕಾರಗಳನ್ನು ಒಂದೇ ಉಸಿರಿಗೆ ಒಪ್ಪಿಸುವವನು ಇಲ್ಲಿ ತಲೆ ಕೆರೆದುಕೊಳ್ಳುತ್ತಾನೆ.

ಮಂಗಳೂರು ಕಡೆಯ ಫಿರ್ಗಜೆಗಳಲ್ಲಿ, ಅಂದರೆ ಧರ್ಮಕೇಂದ್ರಗಳಲ್ಲಿ, ಭಾನುವಾರದ ದೊತೊರ್ನ್ ತರಗತಿ ಗಟ್ಟಿಯಾಗಿ ನೆಲೆಯೂರಿದ ವ್ಯವಸ್ಥೆ. ಸಂಬಳವಿಲ್ಲದೆ, ರಜೆಯ ದಿನವನ್ನು ಬಿಟ್ಟುಕೊಟ್ಟು ಪಾಠ ಮಾಡುವ ಟೀಚರುಗಳಿಂದಲೇ ಅದು ನಡೆಯುತ್ತಿದೆ. ನನ್ನ ತಕರಾರು ಅವರ ಮೇಲಲ್ಲ, ಅವರ ಕೈಗೆ ಕೊಟ್ಟಿರುವ ಶಾಲೆಯ ಅಚ್ಚಿನ ಮೇಲೆ. ಒಂದನೇ ತರಗತಿ, ಎರಡನೇ ತರಗತಿ, ಪಠ್ಯಪುಸ್ತಕ, ಹಾಜರಿ, ಪರೀಕ್ಷೆ, ಬಹುಮಾನ. ಶಾಲೆ ಅಂದಮೇಲೆ ಅದು ಒಂದು ದಿನ ಮುಗಿಯಲೇಬೇಕು. ದೃಢೀಕರಣ ಸಂಸ್ಕಾರ ಆಗುತ್ತಿದ್ದಂತೆ ಮಕ್ಕಳು ಪಾಸಾದವರ ಹಾಗೆ ಹೊರಟುಬಿಡುತ್ತಾರೆ. ಆಮೇಲೆ ಯುವಜನರು ಇಗರ್ಜಿಗೆ ಬರುತ್ತಿಲ್ಲ ಎಂದು ಪ್ರಬೋಧನೆಯಲ್ಲಿ ಅಸಮಾಧಾನ ತೋಡಿಕೊಳ್ಳುತ್ತೇವೆ.

ಚರ್ಚಿನ ಹಳೆಯ ಪದ್ಧತಿ ಹೀಗಿರಲಿಲ್ಲ. ನಾಲ್ಕನೇ ಶತಮಾನದ ಜೆರುಸಲೇಮಿನಲ್ಲಿ ದೊಡ್ಡವರಿಗೆ ಈಸ್ಟರ್ ರಾತ್ರಿ ಜ್ಞಾನಸ್ನಾನ ಕೊಟ್ಟು, ಮೈಮೇಲೆ ನೀರು ಬಿದ್ದದ್ದರ, ಎಣ್ಣೆ ಹಚ್ಚಿದ್ದರ, ರೊಟ್ಟಿ ಕೈಗೆ ಬಂದದ್ದರ ಅರ್ಥವನ್ನು ಅದರ ಮರುವಾರ ಬಿಡಿಸಿ ಹೇಳುತ್ತಿದ್ದರು. ಧರ್ಮಾಧ್ಯಕ್ಷ ಸಂತ ಸಿರಿಲರ ಹೆಸರಿನಲ್ಲಿ ಆ ಉಪದೇಶಗಳು ಇಂದಿಗೂ ಉಳಿದಿವೆ. ಮೊದಲು ಅನುಭವ, ಆಮೇಲೆ ವಿವರಣೆ. 1972ರಲ್ಲಿ ರೋಮ್ ವಯಸ್ಕರ ದೀಕ್ಷಾವಿಧಿಯನ್ನು ನವೀಕರಿಸಿದಾಗ ಈ ಹಂತವನ್ನು ಮತ್ತೆ ಸೇರಿಸಿತು. ತೊಟ್ಟಿಲಲ್ಲೇ ಜ್ಞಾನಸ್ನಾನ ಪಡೆದ ನಮ್ಮ ಮಕ್ಕಳಿಗೆ ಅದರ ಲಾಭ ಸಿಗಲಿಲ್ಲ. 1910ರಲ್ಲಿ ಹತ್ತನೇ ಪಿಯುಸ್ ಪೋಪರು ಪ್ರಥಮ ಪರಮಪ್ರಸಾದದ ವಯಸ್ಸನ್ನು ಏಳರ ಆಸುಪಾಸಿಗೆ ಇಳಿಸಿದ್ದು ಒಳ್ಳೆಯ ನಿರ್ಧಾರವೇ. ಆದರೆ ಎಳೆಯರನ್ನು ಬೇಗ ಊಟಕ್ಕೆ ಕೂರಿಸಿದ ಮೇಲೆ ವಿವರಣೆಯ ಕೆಲಸವೂ ಅಲ್ಲಿಂದಲೇ ಶುರುವಾಗಬೇಕಿತ್ತು. ನಮ್ಮಲ್ಲಿ ಅಲ್ಲಿಂದ ಶುರುವಾಗುವುದು ಬಿಳಿ ಫ್ರಾಕು, ಹಾಲ್ ಬುಕಿಂಗ್, ಕೇಕು.

ಇದಕ್ಕೆ ಹೋಲಿಸಿದರೆ ಮೊಂತಿ ಫೆಸ್ತ್ ಎಷ್ಟೋ ಮೇಲು. ಸೆಪ್ಟೆಂಬರ್ 8ರ ಮರಿಯಮ್ಮನ ಜನ್ಮದಿನಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ತಟ್ಟೆಯಲ್ಲಿ ಹೂ ತಂದು ಅರ್ಪಿಸುತ್ತಾರೆ. ಹಬ್ಬದ ದಿನ ಭತ್ತದ ಹೊಸ ತೆನೆಗೆ ಆಶೀರ್ವಾದವಾಗಿ, ಮನೆಮನೆಗೂ ತೆನೆ ಹೋಗುತ್ತದೆ. ಮನೆಯಲ್ಲಿ ಅದರ ಕಾಳು ಸುಲಿದು, ಅರೆದು, ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆ ಮಾಡಿ, ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಆ ದಿನ ಮೀನು ಮಾಂಸ ಇಲ್ಲ; ಪಲ್ಯಗಳ ಸಂಖ್ಯೆ ಬೆಸವಾಗಿರಬೇಕು. ಬಲಿಪೂಜೆಯಲ್ಲಿ ನಡೆಯುವುದೂ ಇದೇ ತಾನೆ? ಭೂಮಿ ಕೊಟ್ಟದ್ದನ್ನು ಅರ್ಪಿಸುವುದು, ಆಶೀರ್ವದಿಸುವುದು, ಹಂಚಿ ತಿನ್ನುವುದು. ಮಗುವಿಗೆ ಯಾರೂ ಪಾಠ ಮಾಡದೆಯೇ ಕಾಣಿಕೆ ಎಂದರೇನು ಎಂಬುದು ಗೊತ್ತಾಗಿಬಿಡುತ್ತದೆ. ಈ ಎರಡಕ್ಕೂ ನಂಟಿದೆ ಎಂದು ದೊತೊರ್ನ್ ತರಗತಿಯಲ್ಲಿ ಒಂದು ಮಾತು ಹೇಳಿದರೂ ಸಾಕಿತ್ತು. ಬದಲಿಗೆ ಹಬ್ಬವನ್ನು ಸಂಸ್ಕೃತಿಯ ಲೆಕ್ಕಕ್ಕೆ ಬರೆದು, ಧರ್ಮವನ್ನು ಪುಸ್ತಕದಲ್ಲಿ ಉಳಿಸಿಕೊಂಡಿದ್ದೇವೆ.

ಮನೆಯ ಸಂಜೆ ತೆರ್ಸ್, ಅಂದರೆ ಜಪಸರದ ಪ್ರಾರ್ಥನೆ, ಇನ್ನೊಂದು ಪಾಠಶಾಲೆ. ಅದನ್ನು ಸುಮ್ಮನೆ ಹೊಗಳುವವನು ನಾನಲ್ಲ. ಸೀರಿಯಲ್ ಶುರುವಾಗುವುದರೊಳಗೆ ಐವತ್ತಮೂರು ನಮೋ ಮರಿಯಾಗಳನ್ನು ಓಡಿಸಿ ಮುಗಿಸುವ ಮನೆಗಳು ಬೇಕಾದಷ್ಟಿವೆ. ಧ್ಯಾನವಿಲ್ಲದ ಜಪಸರ ಆತ್ಮವಿಲ್ಲದ ದೇಹ ಎಂಬರ್ಥದಲ್ಲಿ ಆರನೇ ಪೌಲ್ ಪೋಪರು 1974ರಲ್ಲೇ ಎಚ್ಚರಿಸಿದ್ದರು. ಆದರೂ ತೆರ್ಸ್ ಮುಗಿದ ಮೇಲೆ ಮಕ್ಕಳು ಕೈಮುಗಿದು ಅಜ್ಜಿಯ ಮುಂದೆ, ಅಪ್ಪನ ಮುಂದೆ ನಿಂತು ಬೆಸಾಂವ್ ಕೇಳುವ ಪದ್ಧತಿಯಿದೆಯಲ್ಲ, ಅದಕ್ಕೆ ಸಮನಾದದ್ದು ಯಾವ ಪಠ್ಯದಲ್ಲೂ ಇಲ್ಲ. ಆಶೀರ್ವಾದ ಕೊಡುವ ಹಕ್ಕು ಮನೆಯವರಿಗೂ ಇದೆ ಎಂದು ಮಗು ಅಲ್ಲಿ ಕಲಿಯುತ್ತದೆ.

ಬಲಿಪೂಜೆಗೇ ಬಂದರೆ, 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಪೂಜಾವಿಧಿಯ ದಸ್ತಾವೇಜು ಜನರ ಪೂರ್ಣ ಪಾಲ್ಗೊಳ್ಳುವಿಕೆಯನ್ನು ಕೇಳಿತು. ಲ್ಯಾಟಿನ್ ಪೂಜೆ ಪೀಠದಲ್ಲಿ ನಡೆಯುತ್ತಿರುವಾಗ ಜನ ಬೆಂಚಿನಲ್ಲಿ ಜಪಸರ ಎಣಿಸುತ್ತಿದ್ದ ಕಾಲ ಹೋಗಿ, ಕೊಂಕಣಿಯಲ್ಲಿ, ಕನ್ನಡದಲ್ಲಿ ಉತ್ತರ ಕೊಡುವ ಕಾಲ ಬಂತು. ದೊಡ್ಡ ಬದಲಾವಣೆ, ಅನುಮಾನವಿಲ್ಲ. ಆದರೆ ಕೀಬೋರ್ಡು, ಮೈಕು ಹಿಡಿದ ಕೊಯರ್ ವಾರಕ್ಕೊಂದು ಹೊಸ ರಾಗ ತಂದರೆ ಜನ ಮತ್ತೆ ಪ್ರೇಕ್ಷಕರಾಗುತ್ತಾರೆ. ಆಗ ಅರ್ಥವಾಗದ ಭಾಷೆ ಬಾಯಿ ಕಟ್ಟಿತ್ತು, ಈಗ ಹಾಡಲಾಗದ ರಾಗ ಕಟ್ಟುತ್ತಿದೆ.

ಪೂಜೆಯನ್ನು ನಡುನಡುವೆ ನಿಲ್ಲಿಸಿ ವಿವರಣೆ ಕೊಡುವ ಪ್ರಯೋಗವನ್ನು ಕೆಲವು ಗುರುಗಳು ಮಾಡುತ್ತಾರೆ. ನನಗದು ಒಗ್ಗದು, ಪ್ರಾರ್ಥನೆಯ ಓಟವೇ ಕಡಿದುಹೋಗುತ್ತದೆ. ಅದಕ್ಕಿಂತ, ಪೂಜೆ ಮುಗಿದ ಮೇಲೆ ದೊಡ್ಡ ತರಗತಿಯ ಮಕ್ಕಳನ್ನು ಪೀಠದ ಬಳಿಗೇ ಕರೆದು, ಈಗಷ್ಟೇ ನೋಡಿದ್ದರಲ್ಲಿ ಏನು ಅರ್ಥವಾಗಲಿಲ್ಲ ಎಂದು ಅವರನ್ನೇ ಕೇಳಬಹುದು. ಪಾನಪಾತ್ರೆ, ನೀರಿನ ಕುಡಿಕೆ, ಪೂಜಾಗ್ರಂಥ ಎಲ್ಲವೂ ಅಲ್ಲೇ ಇರುತ್ತವೆ. ಇದಕ್ಕೆ ಬೇರೆ ಪಠ್ಯ ಬೇಡ, ಪರೀಕ್ಷೆಯೂ ಬೇಡ. ಗುರುಗಳು ಮುಂದಿನ ಪೂಜೆಗೆ ಇನ್ನೊಂದು ಇಗರ್ಜಿಗೆ ಓಡಬೇಕಾದ ಕಡೆಗಳಲ್ಲಿ ಟೀಚರುಗಳೇ ಇದನ್ನು ಮಾಡಬೇಕಾಗುತ್ತದೆ. ಅದಕ್ಕೆ ಮೊದಲು ಅವರಿಗೊಬ್ಬರು ಆ ಗ್ರಂಥವನ್ನು ಕೂತು ಓದಿಸಬೇಕು.