ಒಪ್ಪಿಗೆಯೂ ಬಿಡುಗಡೆಯೂ

ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಕೈಸೇರಿದ ಗಳಿಗೆಯಲ್ಲಿಯೇ ತನ್ನ ಚಿತ್ರವು ತೆರೆಯ ಮೇಲೆ ಮೂಡಬೇಕೆಂದು ಯಾವ ನಿರ್ಮಾಪಕನೂ ಹಟ ಹಿಡಿಯುವುದಿಲ್ಲ; ಚಿತ್ರಮಂದಿರಗಳನ್ನು ಗೊತ್ತುಮಾಡಿಕೊಂಡು, ಎದುರಾಳಿಯ ಚಿತ್ರ ಯಾವ ವಾರ ಬರುವುದೆಂದು ವಿಚಾರಿಸಿ, ತರುವಾಯ ಒಂದು ಶುಕ್ರವಾರವನ್ನು ನಿಶ್ಚಯಿಸುತ್ತಾನೆ. ಮೊಬೈಲ್ ಆ್ಯಪ್‌ಗಳನ್ನು ನಿರ್ಮಿಸುವವರಲ್ಲಿ ಈ ವಿವೇಕವು ಇನ್ನೂ ಸಾರ್ವತ್ರಿಕವಾಗದಿರುವುದು ಸೋಜಿಗ. ಆ್ಯಪ್ ಸ್ಟೋರಿನ ಪರಿಶೀಲಕನು ನೋಡುವುದು ನಿಯಮೋಲ್ಲಂಘನೆ ಆಗಿದೆಯೇ ಎಂಬುದನ್ನು. ಲೋಕವು ಆ್ಯಪ್‌ಅನ್ನು ಬರಮಾಡಿಕೊಳ್ಳಲು, ಅದಕ್ಕಿಂತ ಮಿಗಿಲಾಗಿ ನಿರ್ಮಾಪಕನ ಸರ್ವರುಗಳು ಲೋಕವನ್ನು ಬರಮಾಡಿಕೊಳ್ಳಲು ಸಿದ್ಧವಾಗಿವೆಯೇ ಎಂಬುದು ಅವನ ಚಿಂತೆಯಲ್ಲ.

ಆಪಲ್ ಇಲ್ಲಿ ಮೂರು ಮಾರ್ಗಗಳನ್ನು ತೆರೆದಿಟ್ಟಿದೆ. ಒಪ್ಪಿಗೆಯಾದೊಡನೆ ತಾನಾಗಿ ಬಿಡುಗಡೆಯಾಗುವ ಮೊದಲನೆಯ ಮಾರ್ಗವು ಸಣ್ಣ ತಿದ್ದುಪಡಿಗಳಿಗೆ ಸಾಕು. ಬೇರೆಲ್ಲ ಸಂದರ್ಭಗಳಲ್ಲಿ ಅದು ನಮ್ಮ ಮುಹೂರ್ತವನ್ನು ಅಪರಿಚಿತ ಪರಿಶೀಲಕನೊಬ್ಬನ ಕೆಲಸದ ವೇಳೆಗೆ ಒಪ್ಪಿಸಿಬಿಟ್ಟಂತೆ. ಎರಡನೆಯದು ದಿನಾಂಕವನ್ನು ಮುಂಗಡವಾಗಿ ಗೊತ್ತುಪಡಿಸುವುದು. ಅದು ಬಲ್ಲವರನ್ನೂ ಮೋಸಗೊಳಿಸುತ್ತದೆ. ಏಕೆಂದರೆ ಆ ದಿನಕ್ಕೆ ಮೊದಲು ಹೊರಬಾರದೆಂಬ ಭರವಸೆ ಅದರಲ್ಲಿದೆಯೇ ಹೊರತು, ಪರಿಶೀಲನೆಯೇ ತಡವಾದರೆ ಆ ದಿನ ಬಂದೇ ತೀರುವುದೆಂಬ ಭರವಸೆಯಿಲ್ಲ. ಮೂರನೆಯದರಲ್ಲಿ, ಒಪ್ಪಿಗೆ ಪಡೆದ ಆವೃತ್ತಿಯು ‘ಪೆಂಡಿಂಗ್ ಡೆವಲಪರ್ ರಿಲೀಸ್’ ಎಂಬ ಹಣೆಪಟ್ಟಿ ಹೊತ್ತು, ನಿರ್ಮಾಪಕನು ಗುಂಡಿಯೊತ್ತುವವರೆಗೆ ಕಾದಿರುತ್ತದೆ. ನನ್ನ ಮತವು ಇದರ ಕಡೆಗೇ. ಹಾಗೆ ಒತ್ತಿದ ಮೇಲೂ ಸ್ಟೋರಿನಲ್ಲಿ ಎಲ್ಲೆಡೆ ಕಾಣಿಸಿಕೊಳ್ಳಲು 24 ಗಂಟೆಯವರೆಗೆ ಹಿಡಿಯಬಹುದಾದುದರಿಂದ, ಬೆಳಗ್ಗೆ ಹತ್ತಕ್ಕೆ ಜಾಹೀರಾತು ಕೊಟ್ಟು ಒಂಬತ್ತೂವರೆಗೆ ಗುಂಡಿಯೊತ್ತುವವನು ಸಾಹಸಿಯೇ ಸರಿ. ಗೂಗಲ್ ಪ್ಲೇಯಲ್ಲಿಯೂ ಒಪ್ಪಿತವಾದ ಬದಲಾವಣೆಗಳನ್ನು ಹೀಗೆ ತಡೆದಿಡುವ ಏರ್ಪಾಡುಂಟು.

ಇವೆಲ್ಲಕ್ಕಿಂತ ವಿಮರ್ಶೆಗೆ ಯೋಗ್ಯವಾದುದು ಹಂತಹಂತವಾದ ಬಿಡುಗಡೆ. ಆಪಲ್ 2017ರಲ್ಲಿ ತಂದ ಕ್ರಮದಂತೆ, ಅಪ್‌ಡೇಟ್ ತಾನಾಗಿ ಇಳಿಯುವಂತೆ ಇಟ್ಟುಕೊಂಡವರಲ್ಲಿ ಮೊದಲ ದಿನ ಶೇಕಡ 1, ಅನಂತರ 2, 5, 10, 20, 50, ಏಳನೆಯ ದಿನ 100 ಮಂದಿಗೆ ಅದು ತಲಪುತ್ತದೆ. ಅಂಥವರು ಹತ್ತು ಲಕ್ಷವಿದ್ದಾರೆನ್ನಿ. ಹಣ ಪಾವತಿಯ ಪುಟವು ತೆರೆದೊಡನೆ ಕುಸಿಯುವಂಥ ದೋಷವೊಂದು ಒಳಗಡಗಿದ್ದರೆ, ಮೊದಲ ದಿನವೇ ಕಣ್ತೆರೆದವನು ಹತ್ತು ಸಾವಿರ ಮಂದಿಯ ಶಾಪಕ್ಕೆ ಗುರಿಯಾಗುತ್ತಾನೆ, ನಾಲ್ಕನೆಯ ದಿನ ಎಚ್ಚೆತ್ತವನು ಲಕ್ಷ ಮಂದಿಯದಕ್ಕೆ. ಒಟ್ಟು 30 ದಿನಗಳವರೆಗೆ ಇದನ್ನು ತಡೆಹಿಡಿಯಲೂಬಹುದು. ಆದರೆ ಸ್ಟೋರಿಗೆ ತಾನೇ ಹೋಗಿ ಇಳಿಸಿಕೊಳ್ಳುವವನಿಗೆ ಮೊದಲ ದಿನವೇ ಹೊಸ ಆವೃತ್ತಿ ಸಿಗುವುದರಿಂದ ಈ ಬೇಲಿ ಪೂರ್ಣವಲ್ಲ; ಹಿಂದಿನ ಆವೃತ್ತಿಗೆ ಮರಳುವ ದಾರಿಯಂತೂ ಇಲ್ಲವೇ ಇಲ್ಲ. ಸಿನಿಮಾದವರಿಗೆ ಶುಭವಾದ ಶುಕ್ರವಾರವು ಈ ಕಸುಬಿನವರಿಗೆ ಅಪಶಕುನವಾಗಿರುವುದು ಈ ಕಾರಣದಿಂದಲೇ: ಶನಿವಾರ ಬೆಳಗ್ಗೆ ದೂರುಗಳನ್ನು ಓದಿ, ಮತ್ತೊಂದು ಆವೃತ್ತಿಯನ್ನು ಸಿದ್ಧಪಡಿಸಿ, ಪುನಃ ಪರಿಶೀಲನೆಗೆ ಕಳುಹಿಸುವವರು ಯಾರು?

ಹಂತಹಂತವಾದ ಈ ಬಿಡುಗಡೆಯೂ ಅಪ್‌ಡೇಟುಗಳಿಗಷ್ಟೇ, ಪ್ರಥಮ ಬಿಡುಗಡೆಗೆ ಇಂಥ ಶೇಕಡವಾರು ಮೆಟ್ಟಲುಗಳಿಲ್ಲವಾಗಿ, ಅಲ್ಲಿ ದೇಶಗಳನ್ನೇ ಮೆಟ್ಟಲುಗಳನ್ನಾಗಿ ಮಾಡಿಕೊಳ್ಳುವುದು ರೂಢಿ. 2016ರ ಜುಲೈಯಲ್ಲಿ ಪೋಕೆಮಾನ್ ಗೋ ಆಟವು ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಹೊರಬಂದು, ಜನಸಾಗರದ ಒತ್ತಡಕ್ಕೆ ಸರ್ವರುಗಳು ತತ್ತರಿಸಿದಾಗ, ಉಳಿದ ದೇಶಗಳ ಬಿಡುಗಡೆಯನ್ನು ತಡೆದು ಸುಧಾರಿಸಿಕೊಳ್ಳಲು ಅದರ ನಿರ್ಮಾತೃಗಳಿಗೆ ಅವಕಾಶವಾದುದು ಈ ಕ್ರಮದಿಂದಲೇ. ಭಾರತದ ಸರದಿ ಬಂದುದು ಆ ವರ್ಷದ ಡಿಸೆಂಬರಿನಲ್ಲಿ. ಜುಲೈ 6, 2023ಕ್ಕೆಂದು ಸಾರಿದ್ದ ಥ್ರೆಡ್ಸ್ ಆ್ಯಪ್‌ಅನ್ನು ಮೆಟಾ ಕಂಪನಿಯು ಕೆಲವು ಗಂಟೆ ಮುಂಚಿತವಾಗಿಯೇ ಹೊರಬಿಟ್ಟಿತು. ಐರೋಪ್ಯ ಒಕ್ಕೂಟವನ್ನು ಮಾತ್ರ ಡಿಸೆಂಬರಿನವರೆಗೆ ಕಾಯಿಸಿತು. ಸಾರಿದ ವೇಳೆಗೆ ಮೊದಲೇ ಬರುವ ಈ ಸ್ವಾತಂತ್ರ್ಯವು, ಒಪ್ಪಿಗೆಯನ್ನು ಮೊದಲೇ ಪಡೆದು ಕೈಯಲ್ಲಿ ಹಿಡಿದಿದ್ದವನಿಗೆ ಮಾತ್ರ ಸಾಧ್ಯವಾಗುವಂಥದು.

ಈ ಕಾಯುವ ಕಷ್ಟವನ್ನು ತಪ್ಪಿಸಿಕೊಳ್ಳಲು ಚತುರರು ಹಿಡಿದಿರುವ ಉಪಾಯವೊಂದಿದೆ: ಹೊಸ ಸೌಲಭ್ಯವನ್ನು ಆ್ಯಪ್‌ನೊಳಗೆ ನಿದ್ರಿಸುವಂತಿಟ್ಟು ಬಿಡುಗಡೆ ಮಾಡಿ, ತಮಗಿಷ್ಟವಾದ ಹೊತ್ತಿನಲ್ಲಿ ಸರ್ವರಿನಿಂದ ಅದನ್ನು ಎಬ್ಬಿಸುವುದು. ಪರಿಶೀಲಕನಿಗೆ ತಿಳಿಸಿ ಮಾಡಿದರೆ ಇದರಷ್ಟು ಒಳ್ಳೆಯ ಪದ್ಧತಿ ಬೇರಿಲ್ಲ, ಏಕೆಂದರೆ ಎಬ್ಬಿಸಿದ್ದನ್ನು ಮರುಗಳಿಗೆಯಲ್ಲಿಯೇ ಮಲಗಿಸಬಹುದು. ತಿಳಿಸದೆ ಮಾಡಿದರೆ, ಅಡಗಿಸಿಟ್ಟ ಸೌಲಭ್ಯಗಳನ್ನು ನಿಷೇಧಿಸುವ ಆಪಲ್‌ನ ನಿಯಮದ ಪ್ರಕಾರ ಆ್ಯಪ್ ಸ್ಟೋರಿನಿಂದಲೇ ಹೊರಬೀಳಬಹುದು. ಅಂಥ ದಂಡನೆಯನ್ನು ಅತಿಯೆಂದು ನಾನು ಬಗೆಯಲಾರೆ.