ಒಲೆಗಿಂತ ಮೊದಲು ಬಿಸಿಲು

ಕುಂಬಳದ ಬೀಜ ಹುರಿಯಲು ಕೂತವರು ಮೊದಲು ಒಲೆ ಹಚ್ಚುತ್ತಾರೆ. ಕಾಯಿ ಹೆಚ್ಚಿದರು, ಬೀಜ ಬಗೆದರು, ನಲ್ಲಿಯ ಕೆಳಗೆ ಎರಡು ಸಲ ಜಾಲಿಸಿದರು, ಕಡಾಯಿಗೆ ಸುರಿದರು. ಹತ್ತು ನಿಮಿಷಕ್ಕೆ ಹೊರಗೆ ಕಪ್ಪು, ಒಳಗೆ ಹಸಿ, ಹಲ್ಲಿಗೆ ಬರೀ ನಾರು. ‘ಇದರಾಗ ಏನೈತಿ ಮಣ್ಣು’ ಅಂದು ಎಮ್ಮೆಗೆ ಹಾಕಿದರು. ಎಮ್ಮೆ ತಿಂದಿತು, ಆ ಮಾತು ಬೇರೆ. ಬೇರೆ ಊರಲ್ಲಿ ಹೀಗಾದರೆ ಹೋಗಲಿ ಅನ್ನಬಹುದು. ರಾಯಚೂರಲ್ಲಿ ಆಗಬಾರದು. ಈ ಬೀಜಕ್ಕೆ ಮುಕ್ಕಾಲು ಪಾಲು ರುಚಿ ಬರುವುದು ಬಿಸಿಲಿನಿಂದ. ನಮಗೆ ಬಿಸಿಲು ಕೊಡುವಾಗ ದೇವರೇನೂ ಕೈ ಬಿಗಿಹಿಡಿದಿಲ್ಲ.

ಯಾವ ಕುಂಬಳ ಅನ್ನುವುದು ಮೊದಲು ತೀರ್ಮಾನವಾಗಲಿ. ಕದ್ದವನು ಹೆಗಲು ಮುಟ್ಟಿ ನೋಡಿಕೊಂಡದ್ದು ಬೂದುಗುಂಬಳ. ಮಹಾನವಮಿಗೆ ಲಾರಿ, ಟ್ರ್ಯಾಕ್ಟರುಗಳ ಮುಂದೆ ಕುಂಕುಮ ತುಂಬಿ ಒಡೆಯುವುದೂ ಅದನ್ನೇ, ಅರಳಿನ ಸಂಡಿಗೆಗೆ ಬೀಳುವುದೂ ಅದೇ. ಅದರ ಬೀಜ ತೆಳು, ತಿರುಳು ಅಷ್ಟಕ್ಕಷ್ಟೇ. ಹುರಿದು ತಿನ್ನುವ ಶ್ರಮಕ್ಕೆ ತಕ್ಕ ಕೂಲಿ ಸಿಗುವುದಿಲ್ಲ. ನಮಗೆ ಬೇಕಾದದ್ದು ಒಳಗೆ ಅರಿಶಿನ ಕೇಸರಿ ಬಣ್ಣದ ಸಿಹಿಗುಂಬಳ, ಗಾರಿಗೆ ಮಾಡುವ ಕಾಯಿ. ಚಳಿಗಾಲಕ್ಕೆ ಬಳ್ಳಿ ಒಣಗಿ, ತೊಟ್ಟು ಕಟ್ಟಿಗೆಯಾಗಿ, ಉಗುರು ಒತ್ತಿದರೆ ಸಿಪ್ಪೆ ಜಗ್ಗದಷ್ಟು ಬಲಿತ ಕಾಯಿಯೇ ಆಗಬೇಕು. ಪಲ್ಯಕ್ಕೆ ಎಳೆಯದು ರುಚಿ ಅನ್ನುವವರು ಅನ್ನಲಿ. ಎಳೆ ಕಾಯಿಯ ಬೀಜ ಚಪ್ಪಟೆ, ಒಣಗಿಸಿದರೆ ಬರೀ ಹೊಟ್ಟು. ಬಲಿತ ಕಾಯಿಯನ್ನೂ ತಂದ ದಿನವೇ ಸೀಳಬೇಡಿ. ಮಾಳಿಗೆಯ ಕೆಳಗೆ ಗಾಳಿಯಾಡುವ ಮೂಲೆಯಲ್ಲಿ ಎರಡು ಮೂರು ವಾರ ಇಟ್ಟರೆ ಹೊರಗೆ ಕಾಯಿ ಸಿಹಿಯಾಗುತ್ತದೆ, ಒಳಗೆ ಬೀಜ ಮೈ ತುಂಬಿಕೊಳ್ಳುತ್ತದೆ.

ರಾಯಚೂರು ಪೇಟೆಯಲ್ಲಿ ಇದಕ್ಕೆ ಕಾಸು ಕೊಡಬೇಕಾಗಿಯೂ ಇಲ್ಲ. ತೀನ್ ಕಂದೀಲಿನ ಆಸುಪಾಸು, ಉಸ್ಮಾನಿಯಾ ತರಕಾರಿ ಮಾರುಕಟ್ಟೆಯಲ್ಲಿ ದೊಡ್ಡ ಕುಂಬಳವನ್ನು ಹೋಳು ಮಾಡಿ ಮಾರುತ್ತಾರೆ. ಹೋಳು ಚೆಂದ ಕಾಣಲೆಂದು ಬೀಜ ಮತ್ತು ಜೊಳ್ಳು ತಿರುಳನ್ನು ಬಗೆದು ಪಕ್ಕಕ್ಕೆ ಹಾಕಿರುತ್ತಾರೆ, ಸಂಜೆಗೆ ಅದು ದನದ ಪಾಲು. ಕೇಳಿದರೆ ಕೊಡುತ್ತಾರೆ, ಯಾಕೆ ಅಂತ ಒಮ್ಮೆ ಮುಖ ನೋಡುತ್ತಾರೆ, ಅಷ್ಟೇ. ಅದೇ ಪೇಟೆಯ ಒಣಹಣ್ಣಿನ ಅಂಗಡಿಗೆ ಹೋಗಿ, ಗಾಜಿನ ಬರಣಿಯಲ್ಲಿ ‘ಚಾರ್ ಮಗಜ್’ ಇರುತ್ತದೆ: ಕಲ್ಲಂಗಡಿ, ಖರಬೂಜ, ಸೌತೆ, ಕುಂಬಳ, ಈ ನಾಲ್ಕರ ಸುಲಿದ ತಿರುಳು. ಹೈದರಾಬಾದಿ ಮಸಾಲೆಗೆ ಗಟ್ಟಿತನ ಬರುವುದು ಬಹಳ ಸಲ ಅದನ್ನು ಅರೆದು ಹಾಕುವುದರಿಂದ. ನಿಜಾಮನ ಸೀಮೆಯಲ್ಲಿ ಇದ್ದು ಬಂದ ಊರಿಗೆ ಇದೇನು ಹೊಸದಲ್ಲ. ಆದರೂ ತೂಗಿ ಕೊಡುವ ಅಂಗಡಿಯವನಿಗೆ ದುಡ್ಡು ಕೊಡುವ ನಾವು, ಎರಡು ಹೆಜ್ಜೆ ಆಚೆ ಪುಕ್ಕಟೆ ಬಿದ್ದಿರುವುದನ್ನು ತುಳಿದುಕೊಂಡು ಬರುತ್ತೇವೆ.

ಹಳ್ಳಿಯಲ್ಲಿ ಈ ಬೀಜಕ್ಕೆ ಬೇರೆಯದೇ ಮರ್ಯಾದೆ ಇತ್ತು. ದೇವದುರ್ಗ, ಮಾನ್ವಿ ಕಡೆಯ ಒಣಬೇಸಾಯದ ಮನೆಗಳಲ್ಲಿ ಕುಂಬಳ ಅಂದರೆ ಹೊಲದ ಬದುವಿನ ಬಳ್ಳಿ ಅಥವಾ ತಿಪ್ಪೆಯ ಬಳ್ಳಿ. ಕಾಯಿ ಹೆಚ್ಚುವ ದಿನ ಹಿರಿಯ ಹೆಣ್ಣುಮಗಳು ಬೀಜದ ಮುಂದೆ ಕೂತು ಆರಿಸುತ್ತಿದ್ದಳು. ದಪ್ಪನೆಯವು, ಅಂಚಿನ ಕಂದು ಗೆರೆ ಎಲ್ಲೂ ಮುರಿಯದವು ಬಿತ್ತನೆಗೆ. ಬೂದಿಯಲ್ಲಿ ಹೊರಳಿಸಿ, ಸೆಗಣಿಯಲ್ಲಿ ಒತ್ತಿ, ಗೋಡೆಗೆ ಬಡಿದರೆ ಮುಂದಿನ ಮುಂಗಾರಿನವರೆಗೆ ಇಲಿಯೂ ಮುಟ್ಟದು, ಹುಳವೂ ಮುಟ್ಟದು. ಉಳಿದದ್ದು ಮಕ್ಕಳ ಬಾಯಿಗೆ. ಒಂದು ಬಲಿತ ಕಾಯಿಯಲ್ಲಿ ನೂರಾರು ಬೀಜ, ಒಂದು ಮನೆಗೆ ಬೇಕಾದ ಬಳ್ಳಿ ಐದಾರು. ಆದ್ದರಿಂದ ಜಗಳವೇನೂ ಇರಲಿಲ್ಲ. ಆದರೂ ಗೋಡೆಗೆ ಬಡಿದದ್ದನ್ನು ಕಿತ್ತು ತಿಂದ ಹುಡುಗನಿಗೆ ಬೀಳುತ್ತಿದ್ದ ಏಟು ಬೇರೆ ಯಾವ ಕಳ್ಳತನಕ್ಕೂ ಬೀಳುತ್ತಿರಲಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಮಾನ್ವಿಯ ಎಷ್ಟೋ ಹೊಲ ಭತ್ತದ ಗದ್ದೆಯಾಯಿತು. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆಯ ನೀರು ಬಂತು. ನೀರು ಬಂದದ್ದು ಒಳ್ಳೆಯದೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಗದ್ದೆಯ ಬದು ಒಂದು ಪಾದದ ಅಗಲ. ಬೇರಿನಲ್ಲಿ ನೀರು ನಿಂತರೆ ಕುಂಬಳದ ಬಳ್ಳಿ ಕೊಳೆಯುತ್ತದೆ. ಜೋಳದ ಹೊಲದ ಜತೆಗಿದ್ದ ಅಕ್ಕಡಿ, ಅಕ್ಕಡಿಯ ಜತೆಗಿದ್ದ ಬಳ್ಳಿ ಎರಡೂ ಅಲ್ಲಿ ಕಡಿಮೆಯಾದವು. ಈಗಲೂ ದಪ್ಪ ಬೀಜದ ನಾಟಿ ಕಾಯಿ ಬೇಕೆಂದರೆ ನಾನು ಕಾಲುವೆ ಮುಟ್ಟದ ಮಸಾರಿ, ಎರೆ ಹೊಲದವರನ್ನೇ ಕೇಳುವುದು. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಚಂದನ್’ ಕೂಡ ತೆಗೆದುಹಾಕುವಂಥದ್ದಲ್ಲ. ಎರಡು ಮೂರು ಕಿಲೋದ ಕಾಯಿ, ಸಣ್ಣ ಸಂಸಾರಕ್ಕೆ ಸರಿ. ಆದರೆ ಬಿತ್ತನೆಗೆಂದು ಪೊಟ್ಟಣದಲ್ಲಿ ಬರುವ ಗುಲಾಬಿ, ನೀಲಿ ಬಣ್ಣದ ಬೀಜ ಮಾತ್ರ ಬಾಯಿಗಲ್ಲ, ಅದಕ್ಕೆ ಔಷಧ ಬಳಿದಿರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಈ ಮಾತನ್ನು ಎರಡು ಸಲ ಹೇಳಿ.

ಈ ಕಾಯಿಯ ತವರು ನಮ್ಮದಲ್ಲ. ಮೆಕ್ಸಿಕೋದ ಓಹಾಕಾ ಸೀಮೆಯ ಗುಹೆಯೊಂದರಲ್ಲಿ ಸಿಕ್ಕ ಕುಂಬಳಜಾತಿಯ ಬೀಜಗಳಿಗೆ ಸುಮಾರು 10,000 ವರ್ಷ ವಯಸ್ಸು. ಅಲ್ಲಿನವರು ಈಗಲೂ ಬೀಜ ಹುರಿದು ಅರೆದು ಸಾರಿಗೆ ಹಾಕುತ್ತಾರೆ, ನಾವು ಗುರೆಳ್ಳು ಹಾಕುವ ಹಾಗೆ. ಸಮುದ್ರ ದಾಟಿ ಇಲ್ಲಿಗೆ ಬಂದದ್ದು ಪೋರ್ಚುಗೀಸರ ಕಾಲದಲ್ಲಿ. 1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನ ಪರವಾಗಿ ಕೋವಿ ಹಿಡಿದ ಪೋರ್ಚುಗೀಸರು ಕೋಟೆಯ ಕೆಳಗೆ ನಿಂತಿದ್ದರಲ್ಲ, ಅವರ ಜೇಬಿನಲ್ಲಿ ಕುಂಬಳಬೀಜ ಇತ್ತು ಎಂದು ಕಥೆ ಕಟ್ಟಲು ನನಗೂ ಆಸೆಯೇ. ಆದರೆ ಆ ವರ್ಷ ಸ್ಪೇನಿನವರು ಮೆಕ್ಸಿಕೋದಲ್ಲಿ ಇನ್ನೂ ಬಡಿದಾಡುತ್ತಿದ್ದರು.

ಇನ್ನು ಕೆಲಸಕ್ಕೆ ಬರೋಣ.

ಬಗೆದ ತಿರುಳನ್ನು ಅಗಲ ಪಾತ್ರೆಯ ನೀರಿನಲ್ಲಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಕೈಯಾಡಿಸಿದರೆ ನಾರು ತಾನೇ ಬಿಡುತ್ತದೆ, ಜೊಳ್ಳು ಸಾಮಾನ್ಯವಾಗಿ ಮೇಲೆಯೇ ಉಳಿಯುತ್ತದೆ. ಬೆರಳಿಗೆ ಜಾರುವ ಲೋಳೆ ಹೋಗುವವರೆಗೆ ತೊಳೆಯಬೇಕು. ಸಾರು ಸೋಸುವ ಜಾಲರಿಗೆ ಹಾಕಿ ಅಂಗೈಯಿಂದ ತಿಕ್ಕಿದರೆ ಬೇಗ. ಆಮೇಲೆ ಉಪ್ಪುನೀರು. ಲೀಟರು ನೀರಿಗೆ ಎರಡು ದೊಡ್ಡ ಚಮಚ ಹರಳುಪ್ಪು, ನೀರು ಕುದಿ ಬಂದ ಮೇಲೆ ಬೀಜ ಹಾಕಿ ಹತ್ತು ನಿಮಿಷ. ಇದನ್ನು ಬಿಟ್ಟರೆ ಎಲ್ಲ ಬಿಟ್ಟಂತೆ. ಹುರಿದ ಮೇಲೆ ಉದುರಿಸಿದ ಉಪ್ಪು ಸಿಪ್ಪೆಯ ಮೇಲೆಯೇ ಕೂತು ನಾಲಿಗೆ ಸುಡುತ್ತದೆ, ಒಳಗಿನ ತಿರುಳು ಸಪ್ಪೆಯೇ ಉಳಿಯುತ್ತದೆ. ಬೀಜದ ಚೂಪು ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿ ಇರುತ್ತದೆ, ಮೊಳಕೆಗೆ ನೀರು ಹೋಗುವ ದಾರಿ. ಕುದಿಯುವಾಗ ಉಪ್ಪೂ ಆ ದಾರಿಯಲ್ಲೇ ಒಳಗೆ ಇಳಿಯುತ್ತದೆ.

ಈಗ ಮಾಳಿಗೆಗೆ. ಬಟ್ಟೆಯ ಮೇಲೆ ಒಂದೇ ಪದರ ಹರಡಬೇಕು, ಕಾಗದ ಬೇಡ, ಅಂಟುತ್ತದೆ. ಎಳ್ಳ ಅಮಾವಾಸ್ಯೆಯ ಹೊತ್ತಿನ ಬಿಸಿಲಿಗೆ ಎರಡು ದಿನ, ಮಾರ್ಚಿನ ಆಚೆ ಒಂದೇ ದಿನ. ಕರಾವಳಿಯವರಿಗೆ ಇದೇ ಕೆಲಸಕ್ಕೆ ವಾರ ಬೇಕು, ಅಷ್ಟರಲ್ಲಿ ಬೂಸಲು ಹಿಡಿದಿರುತ್ತದೆ. ನಮ್ಮಲ್ಲಿ ಗಾಳಿಯೇ ಒಣ. ಮೊದಲ ದಿನ ಸಂಜೆಯ ಹೊತ್ತಿಗೆ ಬೀಜವನ್ನು ಹತ್ತಿರದಿಂದ ನೋಡಿ. ಮೈಗೆ ಅಂಟಿಕೊಂಡಿದ್ದ, ಇದೆಯೋ ಇಲ್ಲವೋ ಗೊತ್ತಾಗದ ಒಂದು ಪಾರದರ್ಶಕ ಪೊರೆ ಸುಕ್ಕಾಗಿ ಎದ್ದಿರುತ್ತದೆ, ಈರುಳ್ಳಿಯ ಒಳಪದರದ ಹಾಗೆ. ಎರಡು ಅಂಗೈ ನಡುವೆ ಹೊಸೆದು ಮೊರದಲ್ಲಿ ಕೇರಿದರೆ ಅದು ಹಾರಿಹೋಗುತ್ತದೆ. ಕಡಾಯಿಯಲ್ಲಿ ಮೊದಲು ಸೀದು ಕಹಿವಾಸನೆ ಎಬ್ಬಿಸುವುದು ಈ ಪೊರೆಯೇ. ಅದು ಹೋದ ಬೀಜ ಮುಟ್ಟಲು ಒರಟು, ಬಣ್ಣ ಮಾಸಲು ಬಿಳಿ. ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿ. ಗಲಗಲ ಅಂದರೆ ಒಲೆ ಹಚ್ಚಬಹುದು. ಸದ್ದು ಮಂದವಾಗಿದ್ದರೆ ಇನ್ನೊಂದು ಬಿಸಿಲು.

ಯಾಕೆ ಇಷ್ಟು ರಗಳೆ ಅಂದರೆ, ನೀರು ಇರುವ ತನಕ ಬೀಜ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಒಳಗಿನ ತೇವ ಆವಿಯಾಗುವಷ್ಟರಲ್ಲಿ ಹೊರಗಿನ ಸಿಪ್ಪೆ ಇದ್ದಿಲು. ಒಣ ಬೀಜಕ್ಕಾದರೆ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಸಾಕು. ದಪ್ಪ ತಳದ ಕಬ್ಬಿಣದ ಕಡಾಯಿ ಅಥವಾ ರೊಟ್ಟಿಯ ಹಂಚು, ಎಣ್ಣೆ ಬೇಡ, ಕೈ ನಿಲ್ಲಿಸಬೇಡಿ. ಮೊದಲ ಐದು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಅಲ್ಲೊಂದು ಇಲ್ಲೊಂದು ‘ಚಟ್’. ಸಿಪ್ಪೆಯ ಹೊಟ್ಟೆ ಉಬ್ಬುತ್ತದೆ, ಅಂಚು ಹೊಂಬಣ್ಣಕ್ಕೆ ತಿರುಗುತ್ತದೆ. ಚಟಪಟ ಜೋರಾಗಿ, ಮತ್ತೆ ಇಳಿಯುವಾಗ ಒಂದನ್ನು ಮುರಿದು ನೋಡಿ: ತಿರುಳಿನ ಮೇಲಿನ ಹಸಿರು ಪೊರೆ ಬಿಟ್ಟುಕೊಂಡು, ಒಳಗೆ ಬೆಣ್ಣೆಬಣ್ಣಕ್ಕಿಂತ ಒಂದು ಛಾಯೆ ಕಂದು ಇರಬೇಕು. ಪೂರಾ ಕಂದಾಗಲಿ ಎಂದು ಕಾಯುತ್ತ ನಿಂತರೆ ಕೆಟ್ಟಿತು; ಕೆಳಗಿಳಿಸಿದ ಮೇಲೂ ಸಿಪ್ಪೆಯ ಬಿಸಿಗೆ ತಿರುಳು ಹುರಿಯುತ್ತಲೇ ಇರುತ್ತದೆ. ತಕ್ಷಣ ತಟ್ಟೆಗೆ ಹರಡಿ. ಗರಿಗರಿ ಬರುವುದು ಆರಿದ ಮೇಲೆ. ಓವನ್ ಇದ್ದವರು 150 ಡಿಗ್ರಿಯಲ್ಲಿ ಇಪ್ಪತ್ತೈದು ನಿಮಿಷ ಇಡಿ, ನಡುವೆ ಒಮ್ಮೆ ಮಗುಚಿ. ಚೆನ್ನಾಗಿಯೇ ಬರುತ್ತದೆ, ಆದರೆ ಆ ಸದ್ದು ಕೇಳುವುದಿಲ್ಲ.

ಇನ್ನೂ ಮೇಲಿನ ದಾರಿ ಮರಳು. ಶೇಂಗಾ, ಕಡಲೆ ಹುರಿಯುವ ಭಟ್ಟಿಯಲ್ಲಿ ಕಾದ ಮರಳು ಕಾಳನ್ನು ಎಲ್ಲ ಕಡೆಯಿಂದ ಅಪ್ಪಿಕೊಳ್ಳುತ್ತದೆ, ಒಂದು ಮಗ್ಗುಲು ಸೀಯುವ ಮಾತೇ ಇಲ್ಲ. ಕೃಷ್ಣೆಯ ದಂಡೆಯ ದಪ್ಪ ಮರಳು ತೊಳೆದು ಒಣಗಿಸಿದರೆ ಇದಕ್ಕೆ ಹೇಳಿ ಮಾಡಿಸಿದ್ದು. ಆದರೆ ಅಕ್ರಮ ಮರಳು ಸಾಗಣೆಯ ಗಲಾಟೆಯಿಂದಾಗಿ ದೇವದುರ್ಗದ ಕಡೆ ‘ಎರಡು ಬೊಗಸೆ ಮರಳು ಬೇಕಿತ್ತು’ ಅಂದರೆ ಜನ ಸುತ್ತಮುತ್ತ ಒಮ್ಮೆ ನೋಡಿಯೇ ಮಾತಾಡುತ್ತಾರೆ. ಮನೆಯಲ್ಲಿ ಹರಳುಪ್ಪನ್ನೇ ಕಾಯಿಸಿ ಅದರಲ್ಲಿ ಹುರಿಯಬಹುದು. ಜರಡಿ ಹಿಡಿದರೆ ಉಪ್ಪು ಮತ್ತೆ ಡಬ್ಬಿಗೆ.

ಸಿಪ್ಪೆ ಸಮೇತ ತಿನ್ನುವುದೋ, ಸುಲಿದು ತಿನ್ನುವುದೋ? ಸಿಪ್ಪೆ ತೆಳುವಾಗಿದ್ದರೆ ಸಮೇತ. ದಪ್ಪ ಇದ್ದರೆ ಮುಂದಿನ ಹಲ್ಲಿನಲ್ಲಿ ಅಂಚು ಸೀಳಿ, ನಾಲಿಗೆಯಿಂದ ತಿರುಳು ಎಳೆದುಕೊಂಡು, ಸಿಪ್ಪೆ ಉಗುಳುವುದು. ಚೀನಾದವರು ಈ ವಿದ್ಯೆಯಲ್ಲಿ ನಮಗಿಂತ ಬಹಳ ಮುಂದೆ. ಸೂಪರ್‌ ಮಾರ್ಕೆಟಿನ ಪೊಟ್ಟಣದ ಹಸಿರು ತಿರುಳು ಸಿಗುವಾಗ ಇದೇಕೆ ಎಂದು ಕೇಳುವವರಿದ್ದಾರೆ. ಅದರಲ್ಲಿ ಕೆಲವು ಯಂತ್ರದಲ್ಲಿ ಸುಲಿದವು, ಕೆಲವು ಸಿಪ್ಪೆಯೇ ಕಟ್ಟದ ತಳಿಯವು. ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತದವರು ಅಂಥ ತಳಿಯಿಂದ ಕಡುಹಸಿರು ಎಣ್ಣೆ ತೆಗೆದು ಹೆಸರು ಮಾಡಿದ್ದಾರೆ. ಅದು ಒಳ್ಳೆಯ ವಸ್ತುವೇ. ಆದರೆ ಮುಷ್ಟಿಗಟ್ಟಲೆ ಬಾಯಿಗೆ ಹೋಗುತ್ತದೆ, ಐದು ನಿಮಿಷಕ್ಕೆ ಬಟ್ಟಲು ಖಾಲಿ. ಸಿಪ್ಪೆಯ ಬೀಜ ಒಂದೊಂದಾಗಿ ಹೋಗುತ್ತದೆ. ಕಟ್ಟೆಯ ಮೇಲಿನ ಹರಟೆಗೆ, ಕರೆಂಟು ಹೋದ ಸಂಜೆಗೆ, ಹುರಿದ ಹುಣಸೆಬೀಜ ದವಡೆಗಿಟ್ಟುಕೊಳ್ಳುತ್ತಿದ್ದ ಕಾಲದವರಿಗೆ ಬೇಕಾದದ್ದು ಈ ನಿಧಾನವೇ. ಅಲ್ಲದೆ 100 ಗ್ರಾಂ ಒಣ ತಿರುಳಿನಲ್ಲಿ ಸುಮಾರು 30 ಗ್ರಾಂ ಪ್ರೋಟೀನು, 49 ಗ್ರಾಂ ಕೊಬ್ಬು, 560 ಕ್ಯಾಲರಿ. ಮೆಗ್ನೀಸಿಯಂ, ಸತುವು ಹೇರಳ ಎಂದು ವಾಟ್ಸ್ಯಾಪಿನಲ್ಲಿ ಬರುವುದು ಸುಳ್ಳಲ್ಲ, ಆದರೆ ಅದೇ ಸಂದೇಶ ಕ್ಯಾಲರಿಯ ಲೆಕ್ಕ ಹೇಳುವುದಿಲ್ಲ.

ಬೇಡ ಅನ್ನುವವರಿಗೆ ಮಾನ್ವಿಯದೊಂದು ಕಥೆ ಇದೆ. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಇನ್ನೂ ಶ್ರೀನಿವಾಸಾಚಾರ್ಯರಾಗಿದ್ದಾಗ, ವಿಜಯದಾಸರು ಊಟಕ್ಕೆ ಕರೆದರೆ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರಂತೆ. ನೆಪದ ಹೊಟ್ಟೆನೋವು ನಿಜವಾಗಿಯೇ ಹತ್ತಿಕೊಂಡು ಪ್ರಾಣಕ್ಕೆ ಬಂತಂತೆ. ಅಂಥ ಊರಿನ ಸೀಮೆಯಲ್ಲಿ ಯಾರಾದರೂ ಬೀಜ ಚಾಚಿದರೆ ನಾಲ್ಕಾದರೂ ತೆಗೆದುಕೊಳ್ಳುವುದು ಕ್ಷೇಮ. ಒಂದಕ್ಕೆ ಮಾತ್ರ ಧಾರಾಳವಾಗಿ ಇಲ್ಲ ಅನ್ನಿ: ಕಹಿ. ಕುಂಬಳದ ಜಾತಿಯಲ್ಲಿ ಒಮ್ಮೊಮ್ಮೆ ಕುಕುರ್ಬಿಟಾಸಿನ್ ಎಂಬ ಕಹಿವಿಷ ತಲೆ ಎತ್ತುತ್ತದೆ, ಕಾಡು ಬಳ್ಳಿಯ ಪರಾಗ ಬೆರೆತ ಬೀಜದಿಂದ ಬೆಳೆದ ಕಾಯಿಯಲ್ಲಿ ಹೆಚ್ಚು. ಬೇಯಿಸಿದರೂ ಹುರಿದರೂ ಅದು ಹೋಗುವುದಿಲ್ಲ. ಕಾಯಿ ಹೆಚ್ಚಿದಾಗ ಒಂದು ಚೂರು ಹಸಿಯಾಗಿ ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿ ಅಂದರೆ ಕಾಯಿ, ಬೀಜ ಎರಡೂ ತಿಪ್ಪೆಗೆ. ದನಕ್ಕೂ ಬೇಡ.

ಖಾರ ಸವರುವ ಚಟ ಇದ್ದವರು ಹುರಿಯುವಾಗ ಖಾರದಪುಡಿ ಹಾಕಬೇಡಿ. ಬೀಜಕ್ಕೆ ಮೊದಲು ಪುಡಿ ಕರಗಾಗಿ ಮನೆಯವರೆಲ್ಲ ಕೆಮ್ಮುತ್ತಾರೆ. ಇಳಿಸಿದ ಬಿಸಿಬೀಜಕ್ಕೆ ನಾಲ್ಕು ಹನಿ ಶೇಂಗಾ ಎಣ್ಣೆ, ಆಮೇಲೆ ಪುಡಿ. ನನ್ನ ಓಟು ಬರೀ ಉಪ್ಪಿಗೆ. ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಚಳಿಗಾಲಕ್ಕೆ ತಿಂಗಳು ತಡೆಯುತ್ತದೆ, ಏಪ್ರಿಲ್ ಬಂತೆಂದರೆ ಎರಡು ವಾರಕ್ಕೇ ಎಣ್ಣೆ ಮುಗ್ಗುತ್ತದೆ. ಆದ್ದರಿಂದ ಒಣಗಿಸಿದ್ದನ್ನು ಹಾಗೇ ಇಟ್ಟುಕೊಂಡು, ಬೇಕಾದಾಗ ಬೇಕಾದಷ್ಟೇ ಹುರಿಯುವುದು ಜಾಣತನ.

ಡಬ್ಬಿಯ ತಳದಲ್ಲಿ ಮುರಿದದ್ದು, ಸಣ್ಣದ್ದು ಉಳಿದರೆ ಹಿಂಡಿ ಮಾಡಿ. ಸಿಪ್ಪೆ ಸಮೇತ ಎರಡು ಹಿಡಿ ಬೀಜ, ಹುರಿದ ಒಣಮೆಣಸಿನಕಾಯಿ ನಾಲ್ಕು, ಬೆಳ್ಳುಳ್ಳಿ ಆರೇಳು ಎಸಳು, ಜೀರಿಗೆ ಚಿಟಿಕೆ, ಹುಣಸೆ ಒಂದು ಎಸಳು. ಒರಳಲ್ಲಿ ಕುಟ್ಟಿದರೆ ಸಿಪ್ಪೆ ಪುಡಿಯಾಗಿ ತಿರುಳಿನ ಎಣ್ಣೆಯಲ್ಲಿ ಅಂಟುತ್ತದೆ. ಮಿಕ್ಸರಿಗೆ ಹಾಕುವವರು ಬಿಟ್ಟು ಬಿಟ್ಟು ತಿರುಗಿಸಿ, ಇಲ್ಲದಿದ್ದರೆ ಮುದ್ದೆ. ಖಡಕ್ ಜೋಳದ ರೊಟ್ಟಿಗೆ ಗುರೆಳ್ಳು ಹಿಂಡಿಯ ಪಕ್ಕ ಇದನ್ನು ಇಟ್ಟು ನೋಡಿ. ಮೊಸರು ಬೆರೆಸಬೇಡಿ, ಹುರಿದ ವಾಸನೆ ಸತ್ತುಹೋಗುತ್ತದೆ. ಒಂದು ಗೆರೆ ಹಸಿ ಶೇಂಗಾ ಎಣ್ಣೆ ಸಾಕು.