ಕಥೆ ಮುಚ್ಚಿಟ್ಟವಳ ಕಥೆ

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಗಳಲ್ಲಿ ನನಗೆ ತೀರಾ ಇಷ್ಟವಾದದ್ದು ಒಬ್ಬ ಗೃಹಿಣಿಯದು. ಅವಳಿಗೊಂದು ಕಥೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಕಟ್ಟಿದ ಅವೆರಡೂ, ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು. ಕಥೆ ಬಾಗಿಲಾಚೆ ಒಂದು ಜೊತೆ ಬೂಟಾಯಿತು, ಹಾಡು ಗೂಟಕ್ಕೆ ನೇತುಬಿದ್ದ ಗಂಡಸಿನ ಕೋಟು. ಗಂಡನಿಗೆ ಅನುಮಾನ, ಜಗಳ. ಮುನಿಸಿಕೊಂಡು ಹನುಮಂತನ ಗುಡಿಯಲ್ಲಿ ಮಲಗಿದವನಿಗೆ ನಿಜ ತಿಳಿಯುವುದು ದೀಪಗಳ ಹರಟೆಯಿಂದ: ಊರವರು ಆರಿಸಿದ ದೀಪಗಳೆಲ್ಲ ರಾತ್ರಿ ಅಲ್ಲಿ ಸೇರುತ್ತವಂತೆ! (ಈ ಒಂದು ಕಲ್ಪನೆಗೇ ಕಥೆ ಕಟ್ಟಿದವರಿಗೆ ಕೈಮುಗಿಯಬೇಕು.) ಮನೆಗೆ ಬಂದು ಕೇಳಿದರೆ, ಅವಳಿಗೆ ಎರಡೂ ಮರೆತೇಹೋಗಿವೆ. ಅಡುಗೆಮನೆಯಲ್ಲಿ ಹೆಂಗಸರು ಹೇಳುವ ಎಷ್ಟೋ ಕಥೆಗಳಂತೆ ಇಲ್ಲಿಯೂ ಪಾತ್ರಗಳಿಗೆ ಹೆಸರಿಲ್ಲ. ‘ಸುಖವಾಗಿದ್ದರು’ ಎಂಬ ಮುಕ್ತಾಯವಂತೂ ಇಲ್ಲವೇ ಇಲ್ಲ. ನನಗೆ ಹಿಡಿಸಿದ್ದು ಆ ಧೈರ್ಯವೇ.